ಮೇಲೇರದ ಹಿಟ್ಟು

ಎಲ್ಲದಕ್ಕೂ ಮೂಲ ಆ ಗಡ್ಡದವನ ವಿಡಿಯೊ. ಬಿಳಿ ಅಂಗಿಯ ಮೇಲೆ ಒಂದು ಚಿಟಿಕೆ ಹಿಟ್ಟೂ ಬೀಳದಂತೆ ಅವನು ನಗುನಗುತ್ತಾ, "ನಾದೋದು ಬೇಡ, ಗುದ್ದೋದು ಬೇಡ. ಹಿಟ್ಟು, ನೀರು, ಉಪ್ಪು, ಯೀಸ್ಟು ಕಲಸಿಟ್ಟು ಮಲಗಿಬಿಡಿ. ಬೆಳಿಗ್ಗೆ ನೀವು ಏಳೋ ಹೊತ್ತಿಗೆ ಹಿಟ್ಟೂ ಎದ್ದಿರುತ್ತೆ. ಚಿಕ್ಕ ಮಗು ಕೂಡ ಮಾಡಬಹುದು" ಎಂದಿದ್ದ. ಲಿಫ್ಟ್ ಮೆಕ್ಯಾನಿಕ್ ಅದನ್ನು ನಂಬಿದ. ಬರಿದೇ ನಂಬಿದ್ದರೆ ಚಿಂತೆಯಿರಲಿಲ್ಲ. ಅತ್ತೆಯ ಎದುರು ಕೂತು, ಗಟ್ಟಿಯಾಗಿ ನಂಬಿದ.

"ಇದೆಲ್ಲ ಅಳಿಯಂದಿರಿಗೆ ಎಲ್ಲಿ ಬರಬೇಕು" ಎಂದು ಅತ್ತೆ ಗೋಡೆಗೆ ಹೇಳಿದರು. ಒಂದು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದು, ಆ ತಿಂಗಳನ್ನು ರಬ್ಬರಿನಂತೆ ಎಳೆಯುತ್ತಿದ್ದ ಅವರು ಅಳಿಯನಿಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೇ ಹೇಳುತ್ತಿದ್ದರು.

ಮೆಕ್ಯಾನಿಕ್ ಮೀಸೆ ತಿರುವಿದ. ಆ ಮೀಸೆಯೊಂದೇ ಅವನ ಸ್ಥಿರಾಸ್ತಿ. ಅಂದೇ ಮಹಡಿ ಮಹಡಿಗೂ ಸಾರಿಬಂದ: "ಭಾನುವಾರ ಸಂಜೆ ನಮ್ಮನೇಲಿ ಚಹಾ. ಜೊತೆಗೆ ನನ್ನ ಕೈಯಾರೆ ಮಾಡಿದ ಆರ್ಟಿಸನ್ ಬ್ರೆಡ್ಡು!" ಆರ್ಟಿಸನ್ ಅಂದರೇನೆಂದು ಹೆಂಡತಿ ಕೇಳಿದಳು. ಅಂಗಡಿಯಲ್ಲಿ ಕೊಂಡರೆ ದುಬಾರಿ, ಮನೆಯಲ್ಲಿ ಮಾಡಿದರೆ ವಕ್ರ ಎಂಬ ಅರ್ಥ ಅವನಿಗೆ ಆಗಿನ್ನೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದ. ಹಿಟ್ಟು ರಾತ್ರಿ ಹೇಗೆ ಮಲಗಿತ್ತೋ ಹಾಗೇ ಮಲಗಿತ್ತು. ಊರಿನ ಅರ್ಧ ಜನರನ್ನು ದಿನಬೆಳಗಾದರೆ ಮೇಲೆ ಕೆಳಗೆ ಓಡಾಡಿಸುವವನ ಮನೆಯಲ್ಲಿ ಒಂದು ಮುದ್ದೆ ಹಿಟ್ಟು ಮೇಲೇಳಲು ಒಪ್ಪಲಿಲ್ಲ.

ಸುದ್ದಿ ಹಬ್ಬಿತು. ರೋಗಿಯನ್ನು ನೋಡಲು ಬಂದಂತೆ ಜನ ಬಂದರು. ಪಕ್ಕದ ಮನೆಯ ಔಷಧಿ ಅಂಗಡಿಯವರು ಹಿಟ್ಟಿನ ಮೇಲೆ ಬೆರಳಿಟ್ಟು ಗಂಭೀರರಾದರು. "ಮೈ ತಣ್ಣಗಿದೆ. ಬಿಸಿನೀರಿನ ಚೀಲ ಕಳಿಸ್ತೀನಿ, ಕಂಬಳಿ ಹೊದಿಸಿ."

ಕೆಳಮನೆಯ ನಿವೃತ್ತ ಹೆಡ್‌ಮೇಷ್ಟ್ರು ಕನ್ನಡಕ ಏರಿಸಿದರು. "ಕಂಬಳಿ ಹೊದಿಸಿ ಮುದ್ದು ಮಾಡಿದ್ರೆ ಏಳುತ್ತೇನ್ರೀ? ಬಿಸಿಲಲ್ಲಿ ನಿಲ್ಲಿಸಿ! ಎಂಥೆಂಥಾ ದಡ್ಡರನ್ನ ನಾನು ಹಾಗೇ ಮೇಲೆ ತಂದಿದ್ದೀನಿ."

"ರಾತ್ರಿ ಕುದಿಯೋ ನೀರು ಸುರಿದು ಕಲಸಿದ್ರೆ ಯೀಸ್ಟು ಬದುಕಿರುತ್ತಾ?" ಎಂದರು ಅತ್ತೆ, ಗೋಡೆಗೆ.

ಮೆಕ್ಯಾನಿಕ್ ಯಾರ ಮನಸ್ಸನ್ನೂ ನೋಯಿಸಲಿಲ್ಲ. ಮನೆಯಲ್ಲಿದ್ದ ಯೀಸ್ಟನ್ನೆಲ್ಲ ಸುರಿದು ಮತ್ತೆ ಕಲಸಿ, ಪಾತ್ರೆಗೆ ಕಂಬಳಿ ಹೊದಿಸಿ, ಪಕ್ಕದಲ್ಲಿ ಬಿಸಿನೀರಿನ ಚೀಲವಿಟ್ಟು ಬಾಲ್ಕನಿಯ ಬಿಸಿಲಿನಲ್ಲಿ ಕೂರಿಸಿದ. ಮೆಟ್ಟಿಲಲ್ಲಿ ಸಿಕ್ಕವರು ದನಿ ತಗ್ಗಿಸಿ, "ಈಗ ಹೇಗಿದೆ?" ಎನ್ನುತ್ತಿದ್ದರು. ಅವನೂ ದನಿ ತಗ್ಗಿಸಿ, "ಪರವಾಗಿಲ್ಲ, ಸ್ವಲ್ಪ ಉಸಿರಾಡ್ತಿದೆ" ಎನ್ನುತ್ತಿದ್ದ.

ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಹಿಟ್ಟು ಬರೀ ಎದ್ದಿರಲಿಲ್ಲ, ಮನೆ ಬಿಟ್ಟು ಹೊರಟಿತ್ತು. ಪಾತ್ರೆ ದಾಟಿ, ಕಂಬಳಿಯೊಳಗೆ ಹೊಕ್ಕು, ಅದರ ಒಂದೊಂದು ಎಳೆಯನ್ನೂ ತಬ್ಬಿಕೊಂಡಿತ್ತು. ಮೆಕ್ಯಾನಿಕ್ ಎರಡೂ ಕೈ ಹಾಕಿ ಎಳೆದ. ಹಿಟ್ಟು ಮೊಣಕೈವರೆಗೆ ಏರಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಎತ್ತಿದ, ಆಮೇಲೆ ಕಿವಿಯಿಂದ ಕೆಳಗಿಳಿಸಲು ಆಗಲಿಲ್ಲ.

"ರೀ, ಉಣ್ಣೆ ಎಲ್ಲ ಒಳಗೆ ಹೋಯ್ತಲ್ರೀ!" ಎಂದಳು ಹೆಂಡತಿ.

"ನಾರಿನಂಶ. ಒಳ್ಳೇದು" ಎಂದು, ಸಿಕ್ಕಷ್ಟನ್ನು ಗುಂಡಗೆ ಮಾಡಿ ಓವನ್ನಿಗೆ ತಳ್ಳಿದ.

ಬಾಗಿಲು ಹಾಕಿದ್ದೇ ತಡ, ಲಿಫ್ಟಿನೊಳಗಿಂದ ಆರ್ಭಟ ಕೇಳಿಸಿತು. ಹಿಟ್ಟಿನ ಪ್ರಗತಿ ಪರಿಶೀಲಿಸಲು ಹೊರಟ ಹೆಡ್‌ಮೇಷ್ಟ್ರು ಎರಡು ಮಹಡಿಗಳ ನಡುವೆ ನಿಂತುಹೋಗಿದ್ದರು. "ಗೊರಗೊರ ಅಂತಿದೆ, ನೋಡಿ ಅಂತ ಎಷ್ಟು ಸಲ ಹೇಳಿದ್ದೆ! ಸ್ವಂತ ಕಟ್ಟಡದ ಲಿಫ್ಟು ನೋಡೋಕೆ ಪುರುಸೊತ್ತಿಲ್ಲ, ಬ್ರೆಡ್ಡು ಮಾಡ್ತಾರಂತೆ ಬ್ರೆಡ್ಡು!"

"ಬ್ರೆಡ್ ನೋಡ್ಕೋ, ಬಣ್ಣ ಬಂದ ತಕ್ಷಣ ತೆಗಿ" ಎಂದು ಹೆಂಡತಿಗೆ ಕೂಗಿ ಅವನು ತಾರಸಿಗೆ ಓಡಿದ. ಅಂಟಂಟಾದ ಕೈಗೆ ಸ್ಪ್ಯಾನರು ಹತ್ತಿದರೆ ಬಿಡದು, ಬಿಟ್ಟರೆ ಹತ್ತದು. ಬಹಳ ಹೊತ್ತಿನ ಮೇಲೆ ಮೇಷ್ಟ್ರು ಹೊರಬಂದಾಗ, ಇಡೀ ಶಾಲೆಯನ್ನೇ ಬೆಂಚಿನ ಮೇಲೆ ನಿಲ್ಲಿಸುವಂಥ ಮುಖ ಮಾಡಿಕೊಂಡಿದ್ದರು.

ಮನೆಗೆ ಬಂದ ಮೆಕ್ಯಾನಿಕ್ ಹೊಸ್ತಿಲಲ್ಲೇ ನಿಂತ. ಮೇಜಿನ ಮೇಲೆ ಹೊಂಬಣ್ಣದ, ದುಂಡು ದುಂಡಾದ, ನೆತ್ತಿಯಲ್ಲಿ ಹದವಾಗಿ ಬಿರಿದ ಬ್ರೆಡ್ಡು. ಮದುವೆಯ ದಿನವೂ ತುಂಬಿರದ ಅವನ ಕಣ್ಣು ತುಂಬಿತು.

"ನಾನು ಮಾಡಿದ್ದು!" ಎಂದ.

"ಹೂಂ ರೀ" ಎಂದು ಹೆಂಡತಿ ಚಹಾದ ನೀರಿಟ್ಟಳು.

ಸಂಜೆ ಎಲ್ಲರೂ ಸೇರಿದರು. ಔಷಧಿ ಅಂಗಡಿಯವರು ತಮ್ಮ ಚಿಕಿತ್ಸೆ ಫಲಿಸಿತೆಂದು ಬೀಗಿದರು. ಮೇಷ್ಟ್ರ ಹೆಂಡತಿ ಮಾತ್ರ ತಲೆಯೆತ್ತದೆ ತಿನ್ನುತ್ತಿದ್ದರು. ಮೇಷ್ಟ್ರು ಒಂದು ತುಂಡು ಅಗಿದು, ಕಣ್ಣು ಮುಚ್ಚಿ, ತೀರ್ಪು ಕೊಟ್ಟರು: "ಇದು ಮೂಲೆ ಬೇಕರೀದು."

ಚಹಾದ ಲೋಟಗಳು ಅರ್ಧದಲ್ಲೇ ನಿಂತವು.

"ಏನಂದ್ರಿ?" ಎಂದ ಮೆಕ್ಯಾನಿಕ್.

"ದಿನಾ ಬೆಳಿಗ್ಗೆ ಹೋಗಿ ತರೋನು ನಾನು. ನನ್ನ ನಾಲಿಗೆಗೆ ಟೋಪಿ ಹಾಕೋಕೆ ಬರಬೇಡಿ."

ಮೆಕ್ಯಾನಿಕ್ಕನ ಮೈ ಉರಿದುಹೋಯಿತು. "ನಮ್ಮತ್ತೆ ಆಣೆಗೂ ನಾನೇ ಮಾಡಿದ್ದು!" ಅತ್ತೆಗೆ ಚಹಾ ನೆತ್ತಿಗೇರಿತು. "ಬರೋ ಭಾನುವಾರ ತಾರಸಿಯಲ್ಲಿ, ನಿಮ್ಮೆಲ್ಲರ ಕಣ್ಣೆದುರಿಗೇ ಮಾಡ್ತೀನಿ. ಹೀಗೇ ಬರ್ಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ತೀನಿ!"

"ಬ್ಲೇಡು ನಮ್ಮಂಗಡೀದೇ ತಗೊಳ್ಳಿ" ಎಂದರು ಔಷಧಿ ಅಂಗಡಿಯವರು. ಸಭೆ ಸಂಭ್ರಮದಿಂದ ಮುಗಿಯಿತು.

"ಹೇಗೆ ಝಾಡಿಸಿದೆ ನೋಡಿದ್ಯಾ?" ಎಂದು ಅವನು ಎದೆಯುಬ್ಬಿಸಿದ. ಹೆಂಡತಿ ಅವನನ್ನು ಬಚ್ಚಲಿಗೆ ಕರೆದೊಯ್ದಳು. ನೆನೆಹಾಕಿದ ಕಂಬಳಿಯ ಪಕ್ಕದಲ್ಲಿ ಕಪ್ಪನೆಯ, ಭಾರವಾದ ವಸ್ತುವೊಂದಿತ್ತು. ಲಿಫ್ಟಿನ ಬ್ರೇಕಿನ ಭಾಗವೆಂದೇ ಅವನು ಮೊದಲು ಎಣಿಸಿದ. ಆಮೇಲೆ ಅದರಲ್ಲಿ ಉಣ್ಣೆ ಕಾಣಿಸಿತು.

"ಹಾಗಾದ್ರೆ... ಅದು?"

"ಬೇಕರಿ ಮಧ್ಯಾಹ್ನ ಬಾಗಿಲು ಹಾಕಿರುತ್ತಲ್ಲ. ಮನೆ ಮಾನ ಹೋಗುತ್ತೆ ಅಂತ ಅಮ್ಮ ಕೆಳಗೆ ಹೋಗಿ ಮೇಷ್ಟ್ರ ಹೆಂಡತೀನ ಕೇಳಿ ತಂದ್ರು. ಮೇಷ್ಟ್ರು ಲಿಫ್ಟಲ್ಲಿದ್ರಲ್ಲ, ಅನುಕೂಲ ಆಯ್ತು."

"ಮೇಷ್ಟ್ರ ಬ್ರೆಡ್ಡನ್ನ ಮೇಷ್ಟ್ರಿಗೇ ತಿನ್ನಿಸಿ, ಆಣೆ ಬೇರೆ ಇಟ್ನಾ!" ಅವನು ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡು ಅಲ್ಲೇ ಕುಸಿದ.

ರಾತ್ರಿ ಊಟದ ಹೊತ್ತಿಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಹೆಡ್‌ಮೇಷ್ಟ್ರು. ತಲೆ ತಗ್ಗಿಸಿದ್ದರು.

"ಕ್ಷಮಿಸಿಬಿಡಿ. ಮನೆಗೆ ಹೋಗಿ ನೋಡ್ತೀನಿ, ಬೆಳಿಗ್ಗೆ ತಂದ ಬ್ರೆಡ್ಡೇ ಇಲ್ಲ. ನಮ್ಮಾಕೇನ ಕೇಳಿದ್ರೆ, ಬೂಸ್ಟು ಹಿಡಿದಿತ್ತು, ಎಸೆದೆ ಅಂದ್ಲು. ಆ ದರಿದ್ರ ಬೇಕರಿಗೂ ಮೆಕ್ಯಾನಿಕ್ ಕೈರುಚಿಗೂ ಎಲ್ಲಿಂದೆಲ್ಲಿಗೆ ಅಂತ ನನಗೇ ಪಾಠ ಹೇಳಿದ್ಲು. ಯೋಚನೆ ಮಾಡಿದೆ. ಹೌದು, ನಿಮ್ಮದರ ರುಚಿ ಒಂದು ಕೈ ಮೇಲೇ ಇತ್ತು. ಸವಾಲು ರದ್ದು."

ಮೆಕ್ಯಾನಿಕ್ಕನಿಗೆ ಹೋದ ಜೀವ ಬಂತು. "ಅಯ್ಯೋ, ದೊಡ್ಡವರು ನೀವು, ಇರ್ಲಿ ಬಿಡಿ ಸಾರ್."

"ಇಲ್ಲ, ನನ್ನ ತಪ್ಪು ತಿದ್ಕೋಬೇಕು. ಇನ್ನು ಆ ಬೇಕರಿ ಮೆಟ್ಟಿಲು ಹತ್ತಲ್ಲ. ನಾಳೆಯಿಂದ ದಿನಾ ನಮಗೆ ನಿಮ್ಮ ಬ್ರೆಡ್ಡೇ. ಔಷಧಿ ಅಂಗಡಿಯವರಿಗೂ ಒಂದು. ಮನೆಮನೆಗೂ ಹೋಗಿ ನಾನೇ ಹೇಳಿ ಬಂದಿದ್ದೀನಿ, ತಿಂಡಿ ಹೊತ್ತಿಗೆ ಎಲ್ಲರೂ ಕಾಯ್ತಿರ್ತಾರೆ. ದುಡ್ಡಿನ ಮಾತೆತ್ತಿ ನಿಮ್ಮಂಥ ಕಲಾವಿದರಿಗೆ ಅವಮಾನ ಮಾಡಲ್ಲ."

ಮೇಷ್ಟ್ರು ಅವನ ಬೆನ್ನು ತಟ್ಟಿ, ಮೆಟ್ಟಿಲಿಳಿದು ಹೋದರು.

ಮೆಕ್ಯಾನಿಕ್ ಬಾಗಿಲ ಚಿಲಕ ಹಿಡಿದುಕೊಂಡೇ ನಿಂತಿದ್ದ. ಒಳಗಿನಿಂದ ಅತ್ತೆಯ ದನಿ ಬಂತು:

"ಹೇಗೂ ಬೆಳಿಗ್ಗೆ ಎದ್ದು ಬೇಕರಿಗೆ ಹೋಗ್ತೀರಲ್ಲ, ನಮಗೂ ಒಂದು ತಂದುಬಿಡಿ."