ಡಬ್ಬಿಯಲ್ಲಿ ಎಂಟು ಕಣ್ಣು

ಕಣ್ಣೊಳಗೆ ಊರುವ ನೀರು ಹೊರಗೆ ಹರಿದುಹೋಗದಿದ್ದರೆ ಒತ್ತಡ ಏರಿ ದೃಷ್ಟಿ ಹೋಗುತ್ತದೆ. ಆ ನೀರು ಹೋಗುವ ವೇಗ ಅಳೆಯಲು ಡಾಕ್ಟರ್ ಫಕ್ರುದ್ದೀನ್ ಸಾಹೇಬರು ರೋಜಾ ಬಡಾವಣೆಯ ತಮ್ಮ ಮನೆಯಲ್ಲಿ ಕುರಿಗಣ್ಣಿಗೆ ಸೂಜಿ ಚುಚ್ಚಿ, ಮೇಲೆ ಉಪ್ಪುನೀರಿನ ಸೀಸೆ ತೂಗಿಹಾಕಿ, ಗಾಜಿನ ಕೊಳವೆ ನೋಡುತ್ತ ಕೂಡುತ್ತಿದ್ದರು. ಕಚೇರಿಗೆ ಕೊಟ್ಟ ಅರ್ಜಿಯಂತೆ ಕೊಳವೆಯ ನೀರು ಇದ್ದಲ್ಲೇ ಇರುತ್ತಿತ್ತು.

“ಕಣ್ಣು ಬಿಸಿಲಿಗೆ ಕೆಡ್ತಾವ,” ಎಂದು ಸಾಹೇಬರು ಕಂಪೌಂಡರ್ ಅಣವೀರಪ್ಪನಿಗೆ ಹೇಳಿದರು. “ಕಮಲಾಪುರದ ಕಟುಗ ಇನಾಯತ್ ನಾಜೂಕಾಗಿ ತೆಗೀತಾನ. ಇನ್ನೂ ತಣ್ಣಗಿಟ್ಟು ತರ್ರಿ. ಇವತ್ತೂ ನೀರು ಇಳೀಲಿಲ್ಲಂದ್ರ ಈ ಖೋಲಿ ಬಂದ್, ನಿಮ್ಮ ನೌಕರಿನೂ ಬಂದ್.”

ಅಣವೀರಪ್ಪ ಲಿಂಗವಂತ. ತರುವುದೇನೆಂದು ಓಣಿಗೆ ತಿಳಿದರೆ ಕುಡಿಯುವ ನೀರೂ ಹುಟ್ಟುತ್ತಿರಲಿಲ್ಲ. ಎಂಟು ಕಣ್ಣು ಡಬ್ಬಿಗೆ ಹಾಕಿ, ಒದ್ದೆ ಗೋಣಿ ಸುತ್ತಿ, ಕಮಲಾಪುರದಲ್ಲಿ ಮೋಟಾರು ಹತ್ತಿದ. ಪಕ್ಕದಲ್ಲೇ ಎದುರುಮನೆಯ ಶಂಕ್ರಮ್ಮ ಕೂತಿದ್ದಳು. ಮಗಳ ಮನೆಯಿಂದ ಮರಳುತ್ತಿದ್ದಳು.

“ಡಬ್ಬ್ಯಾಗ ಏನದ ತಮ್ಮಾ?”

“ಕಣ್ಣಿಂದರಿ ಅಕ್ಕಾ... ಔಷಧ.”

“ನನಗೂ ಕಣ್ಣು ಉರೀತಾವ. ಒಂದು ಹನಿ ಬಿಡು.”

“ಹನಿ ಅಲ್ಲರಿ, ಗುಳಿಗಿ.”

“ಹಂಗಾದ್ರ ಎರಡು ಕೊಡು. ಎರಡೂ ಕಣ್ಣು ಉರೀತಾವ.”

ಹಿಂದಿನಿಂದ ಮುದುಕ ದೌಲಪ್ಪ, “ನನಗ ಒಂದೇ ಸಾಕಪಾ, ಇನ್ನೊಂದು ಹೋಗ್ಯಾದ,” ಎಂದು ಕೈ ಚಾಚಿದ. ಅಣವೀರಪ್ಪ ಅತ್ತ ತಿರುಗುವಷ್ಟರಲ್ಲಿ ಶಂಕ್ರಮ್ಮ ಗೋಣಿ ಕಿತ್ತೆಸೆದು ಮುಚ್ಚಳ ತೆರೆದಿದ್ದಳು.

ಎಂಟು ಕಣ್ಣುಗಳು ಅವಳನ್ನು ನೋಡಿದವು. ಅಷ್ಟು ಗಮನವಿಟ್ಟು ಅವಳನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

ಅವಳ ಚೀರಾಟಕ್ಕೆ ಮೋಟಾರು ತಾನೇ ನಿಂತಿತೆಂದು ಆಮೇಲೆ ಜನ ಹೇಳಿದರು.

“ಯಾರ ಕಣ್ಣೋ ಇವು?”

“ಕುರೀವರಿ,” ಎಂದ ಅಣವೀರಪ್ಪ, ಅದರಿಂದ ಸಮಾಧಾನವಾದೀತೆಂದು.

“ಮಾಟ ಮಾಡ್ತಾನ! ಇಳಸ್ರಿ ಇವನ್ನ!”

ಅವನನ್ನು ಇಳಿಸಿದಲ್ಲಿಂದ ಊರು ಇನ್ನೂ ಐದು ಮೈಲಿಯಿತ್ತು. ಗೋಣಿ ಮೋಟಾರಿನಲ್ಲೇ ಹೋಯಿತು. ಸುಡುವ ಡಬ್ಬಿಯನ್ನು ಹೊಟ್ಟೆಗೆ ಅವಚಿಕೊಂಡು ಅಣವೀರಪ್ಪ ಬೇಸಿಗೆಯ ಬಿಸಿಲಲ್ಲಿ ನಡೆದ. ನೌಕರಿಗೆ ಮನಸ್ಸಿನಲ್ಲೇ ತಿಲಾಂಜಲಿ ಕೊಟ್ಟು, ನಡೆದದ್ದನ್ನೆಲ್ಲ ಹೇಳಿ ಸಾಹೇಬರ ಮುಂದೆ ಡಬ್ಬಿ ಇಟ್ಟ.

ಸಾಹೇಬರು ಒಂದು ಕಣ್ಣಿಗೆ ಸೂಜಿ ಚುಚ್ಚಿದರು. ಕೊಳವೆಯ ನೀರು ಸರಸರ ಇಳಿಯಿತು. ಎರಡನೆಯ ಕಣ್ಣಲ್ಲೂ ಅಷ್ಟೇ ವೇಗ. ಎಂಟರಲ್ಲೂ.

“ಶಾಭಾಶ್!” ಸಾಹೇಬರು ಅವನನ್ನು ಅಪ್ಪಿಕೊಂಡರು. “ಜೀವಂತ ಕಣ್ಣು ಬೆಚ್ಚಗಿರ್ತದ! ನಾವೇ ತಣ್ಣಗ ಮಾಡಿ ಕೆಡಸ್ತಿದ್ವಿ. ಇನ್ನ ದಿನಾ ಹಿಂಗೇ ತರ್ರಿ. ಐದು ಮೈಲಿ ನಡಕೋತ, ಹೊಟ್ಟಿಗೆ ಅವಚಿ.”

“ಇಲ್ಲೇ ಬಿಸಿನೀರಾಗ ಇಟ್ರ ಆಗಲ್ಲೇನ್ರಿ?”

“ಫಲ ಕೊಟ್ಟ ಪದ್ಧತಿ ಬದಲಾಯಿಸಬಾರದು, ಅಣವೀರಪ್ಪ.”

“ಆದ್ರ ಮೋಟಾರಿನವ ದಿನಾ ಅಲ್ಲೇ ಯಾಕ ಇಳಸ್ತಾನ್ರಿ?”

ಸಾಹೇಬರು ಗಡ್ಡ ನೀವಿಕೊಂಡು ಗಂಭೀರವಾಗಿ ಯೋಚಿಸಿದರು.

“ಅದೂ ಖರೇ. ದಿನಾ ಆ ಶಂಕ್ರಮ್ಮನ ಟಿಕೀಟಿನ ರೊಕ್ಕ ನಾ ಕೊಡ್ತೀನಿ.”