ನಮ್ಮತ್ತೆಯನ್ನು ಮಹಡಿಯಿಂದ ಇಳಿಸುವ ವಿಷಯ

ಪುರಾತನ ಕಟ್ಟಡಗಳ ರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕೆರೆದಂಡೆಯ ಹೊಲಿಗೆ ಅಂಗಡಿಯವಳಾದ ನಾನು, ಕೈಯಲ್ಲಿದ್ದ ಕತ್ತರಿಯನ್ನು ಮರ್ಯಾದೆಗಾಗಿ ಪಕ್ಕಕ್ಕಿಟ್ಟು, ತಮಗೂ ತಮ್ಮ ಹಿತ್ತಾಳೆಯ ಫಲಕಗಳಿಗೂ ಅನೇಕ ನಮಸ್ಕಾರಗಳನ್ನು ಸಲ್ಲಿಸಿ ಬರೆದುಕೊಳ್ಳುವುದೇನೆಂದರೆ, ನಾವೆಲ್ಲ ಕ್ಷೇಮ. ನಮ್ಮತ್ತೆ ಮಾತ್ರ ಮೇಲಿದ್ದಾರೆ. ಗಾಬರಿಯಾಗಬೇಡಿ, ಮಹಡಿಯ ಮೇಲೆ.

ನಮ್ಮದು ಕೆಳಗೆ ಅಂಗಡಿ, ಮೇಲೆ ಮನೆ. ಎರಡರ ನಡುವೆ ಹೊರಗೋಡೆಗೆ ಆತುಕೊಂಡಿದ್ದ ಮರದ ಮೆಟ್ಟಿಲು ಗೆದ್ದಲು ಹಿಡಿದು, ಕಾಲಿಟ್ಟರೆ ನರಳುತ್ತಿದ್ದುದರಿಂದ, ಬಡಗಿಯನ್ನು ಕರೆಸಿ ಬಿಚ್ಚಿಸಿದೆವು. ಸಂಜೆಯೊಳಗೆ ಹೊಸದನ್ನು ಕೂರಿಸುವುದೆಂದು ಮಾತಾಗಿತ್ತು, ಅತ್ತೆ ಮೇಲೆ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದರು. ಹಳೆಯದು ಹೋಗಿ ಹೊಸದು ಬಾರದಿದ್ದ ಆ ಮಧ್ಯಾಹ್ನವನ್ನೇ ಹುಡುಕಿಕೊಂಡು ಬಂದ ತಮ್ಮ ಸಮೀಕ್ಷಕರು ಮನೆಯ ಫೋಟೋ ತೆಗೆದು, ಇದು ಪಾರಂಪರಿಕ ಕಟ್ಟಡವೆಂದು ಬಾಗಿಲ ಪಕ್ಕ ಫಲಕ ಹೊಡೆದು ಹೋದರು. ಫೋಟೋದಲ್ಲಿ ಇಲ್ಲದ್ದನ್ನು ಕೂಡಿಸಕೂಡದು, ಇರುವುದನ್ನು ಕಳೆಯಕೂಡದು ಎಂಬುದು ತಮ್ಮ ಕಚೇರಿಯ ನಿಯಮ. ಫೋಟೋದಲ್ಲಿ ಮೆಟ್ಟಿಲಿಲ್ಲ. ಆದ್ದರಿಂದ ನಮ್ಮ ಮಾವನ ಅಜ್ಜ ಈ ಮನೆಯನ್ನು ಮೆಟ್ಟಿಲಿಲ್ಲದೆಯೇ ಕಟ್ಟಿ, ಹಾರಿಕೊಂಡು ಓಡಾಡುತ್ತಿದ್ದರು ಎಂದಾಯಿತು.

ಈ ನಿಯಮದ ಬಗ್ಗೆ ನನಗೆ ಅಪಾರ ಗೌರವವಿದೆ. ಹಳೆಯ ಸುಂಕದ ಕಟ್ಟಡದ ಫೋಟೋದಲ್ಲಿ ಕಾವಲುಗಾರನ ಒದ್ದೆ ಟವೆಲು ಕಿಟಕಿಯಲ್ಲಿ ನೇತಾಡುತ್ತಿತ್ತೆಂದು, ಆ ಬಡಪಾಯಿ ಇಂದಿಗೂ ಅದು ಒಣಗುತ್ತ ಬಂದಂತೆಲ್ಲ ಓಡಿ ಹೋಗಿ ಕೆರೆಯಲ್ಲಿ ಅದ್ದಿ ತರುತ್ತಾನೆ, ತಾನು ಸ್ನಾನ ಮಾಡಿದರೆ ಗಾಳಿಗೆ ಮೈಯೊಡ್ಡಿ ನಿಲ್ಲುತ್ತಾನೆ. ಗಡಿಯಾರ ಗೋಪುರದ ಮುಂದಿನ ಪುತ್ಥಳಿಯ ತಲೆಯ ಮೇಲೆ ಅಂದು ಕಾಗೆ ಕೂತಿತ್ತಾದ್ದರಿಂದ, ಅದು ಎದ್ದು ಹೋದಾಗಲೆಲ್ಲ ಬನ್ನಿನ ಚೂರು ತೋರಿಸಿ ಮರಳಿ ಕೂರಿಸಲು ತಾವು ಒಬ್ಬ ನೌಕರನನ್ನೇ ನೇಮಿಸಿದ್ದೀರಿ. ಅವನ ಬಡ್ತಿ ಈಗ ಕಾಗೆಯ ಮರ್ಜಿಯಲ್ಲಿದೆಯಂತೆ. ಜೀವವಿರಲಿ ಇಲ್ಲದಿರಲಿ, ಫೋಟೋದಲ್ಲಿ ಬಿದ್ದದ್ದನ್ನು ಕೈಬಿಡದ ತಮ್ಮ ಈ ನಿಷ್ಠೆಗೆ ಊರೇ ಬೆರಗಾಗಿದೆ.

ಅತ್ತೆಗೆ ಈಗ ದಿನಸಿ, ಮಾತ್ರೆ, ಪತ್ರಿಕೆ ಎಲ್ಲವೂ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೇಲೇರುತ್ತವೆ. ದೋಣಿಯಲ್ಲಿ ಬರುವ ಪ್ರವಾಸಿಗರಿಗೆ ಗೈಡು ಧ್ವನಿವರ್ಧಕ ಹಿಡಿದು, ಇದು ಇಲ್ಲಿಯವರ ಪುರಾತನ ಪದ್ಧತಿ ಎಂದು ಹೇಳಿಕೊಡುತ್ತಾನೆ. ಸೂರಿನ ಕೆಳಗೆ ನಿಂತರೆ ಮುಖ ಕಾಣದಾದ್ದರಿಂದ ನನ್ನ ಗಂಡ, ತಾಯಿಯನ್ನು ನೋಡಬೇಕೆನಿಸಿದಾಗ, ಬಾಡಿಗೆ ದೋಣಿಯಲ್ಲಿ ನಡುಗೆರೆಗೆ ಹೋಗಿ ಕೈ ಬೀಸಿ ಬರುತ್ತಾರೆ, ರಾತ್ರಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗುತ್ತಾರೆ. ಏಣಿ ಇಡೋಣವೆಂದರೆ ತಮ್ಮ ಕಾವಲಿನವನು ಅಡ್ಡ ಬಂದು, "ಏಣಿ ಫೋಟೋದಲ್ಲಿಲ್ಲ ಕಣಮ್ಮ, ನಾನೇನ್ ಮಾಡ್ಲಿ" ಎನ್ನುತ್ತಾನೆ. ಬಡಗಿ ತನ್ನ ಅಂಗಳದಲ್ಲಿ ನಮ್ಮ ಹೊಸ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತ, "ಮೆಟ್ಲು ಗಟ್ಟಿಯಾಗಿದೆ ಅಕ್ಕಾ, ಯಾವಾಗ್ ಹೇಳಿದ್ರೂ ತಂದು ಕೂರಿಸ್ತೀನಿ" ಎಂದು ಸಮಾಧಾನ ಹೇಳುತ್ತಾನೆ.

ಇಷ್ಟನ್ನೂ ನಾನು ನಗುತ್ತಲೇ ಸಹಿಸಿದ್ದೆ. ಆದರೆ ಕೆರೆಯ ಆಚೆ ದಡದಲ್ಲಿ ಅತ್ತೆಯ ತಂಗಿಯ ಮನೆಯಿದೆ. ಪ್ರತಿದಿನ ಬೆಳಿಗ್ಗೆ ಆಕೆ ತಾರಸಿಯ ಮೇಲೆ ಕೆಂಪು ಶಾಲು ಹರವುತ್ತಿದ್ದರು, ಅದು ಕಂಡ ಮೇಲೆಯೇ ಅತ್ತೆ ಒಲೆ ಹಚ್ಚುತ್ತಿದ್ದುದು. ಮೊನ್ನೆಯಿಂದ ಶಾಲು ಕಾಣುತ್ತಿಲ್ಲ. ಆಕೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆಯೆಂದು ದೋಣಿಯವನು ಸುದ್ದಿ ತಂದ. "ಅಕ್ಕ ಯಾಕೆ ಬರ್ಲಿಲ್ಲ, ಯಾಕೆ ಬರ್ಲಿಲ್ಲ ಅಂತ ಒಂದೇ ಸಮ ಕೇಳ್ತಾರೆ" ಎಂದ. ಅಂದಿನಿಂದ ಅತ್ತೆ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ನಾನು ಕಳಿಸಿದ ಸಾರಿನಲ್ಲಿ ಉಪ್ಪು ಹೆಚ್ಚೋ ಕಮ್ಮಿಯೋ ಎಂದು ರೇಗದ ದಿನವೇ ಇರಲಿಲ್ಲ. ಈಗ ಬುಟ್ಟಿ ಹೋದದ್ದು ಹೋದಂತೆಯೇ ಇಳಿಯುತ್ತದೆ, ಒಂದು ಬೈಗುಳವೂ ಇಲ್ಲ. ಮಾನ್ಯರೇ, ನನಗೆ ನಿಜವಾಗಿ ಭಯವಾಗಿದೆ.

ಹಾಗೆಂದು ಮೆಟ್ಟಿಲು ಕೇಳುವಷ್ಟು ಉದ್ಧಟತನ ನನ್ನಲ್ಲಿಲ್ಲ. ಒಂದು ಬೆಳಿಗ್ಗೆಯ ಮಟ್ಟಿಗೆ ಕೆರೆಯ ನೀರನ್ನು ನಮ್ಮ ಮಹಡಿಯ ಕಿಟಕಿಯವರೆಗೆ ಏರಿಸಿಕೊಟ್ಟರೆ ಸಾಕು, ಅತ್ತೆ ನೇರವಾಗಿ ದೋಣಿಗೆ ಕಾಲಿಡುತ್ತಾರೆ. ಕೆರೆ ಹೇಗೂ ಫೋಟೋದಲ್ಲಿದೆ. ಪೇಟೆ ಮುಳುಗುವುದಾದರೆ ಅಂಗಡಿಯವರಿಗೆಲ್ಲ ನಾನೇ ತಿಳಿಸಿ ಹೇಳುತ್ತೇನೆ. ಅದು ಕಷ್ಟವೆನಿಸಿದರೆ ಆಚೆ ದಡವನ್ನು ಚೂರು ಈಚೆ ಸರಿಸಿಕೊಡಬಹುದು, ಇಲ್ಲವೇ ಇಡೀ ಮನೆಯನ್ನು ಫಲಕಕ್ಕೆ ನೋವಾಗದಂತೆ ಮೆಲ್ಲಗೆ ಪಕ್ಕಕ್ಕೆ ಮಲಗಿಸಿಕೊಡಬಹುದು. ಯಾವುದು ತಮ್ಮ ನಿಯಮಕ್ಕೆ ಹಗುರವೋ ಅದೇ ಆಗಲಿ.

ಇನ್ನೂ ನೆಲದ ಮೇಲೆಯೇ ಉಳಿದಿರುವ,
ತಮ್ಮ ವಿಶ್ವಾಸಿ,
ಮೆಟ್ಟಿಲಿಲ್ಲದ ಮನೆಯ ಸೊಸೆ

ತಾ.ಕ.: ಇದನ್ನು ಲಕೋಟೆಗೆ ಹಾಕುವಷ್ಟರಲ್ಲಿ ತಮ್ಮ ತನಿಖಾಧಿಕಾರಿಗಳು ವಾರ್ಷಿಕ ತಪಾಸಣೆಗೆ ಬಂದರು. ಅಧಿಕಾರಿಗಳಿಗಾದರೆ ಏಣಿ ಇಡಬಹುದಂತೆ. ಬಡಗಿ ಇಟ್ಟ, ಅವರು ಏರಿದರು. ಏಣಿ ಹೊಸ ಫೋಟೋದಲ್ಲಿ ಬೀಳಕೂಡದೆಂದು ಅವರೇ ಮೇಲಿನಿಂದ ಕೂಗಿ ಅದನ್ನು ತೆಗೆಸಿದರು; ಕೆಳಗೆ ನಿಂತಿದ್ದ ಅವರ ಸಹಾಯಕ ಫೋಟೋ ತೆಗೆದು ಅಲ್ಲೇ ಮೊಹರು ಒತ್ತಿದ. ಅತ್ತೆ ಒಳಗೆ ಚಹಾ ಕಾಸುತ್ತಿದ್ದುದರಿಂದ ಅದರಲ್ಲಿಲ್ಲ. ಕಿಟಕಿಯಲ್ಲಿ ತಮ್ಮ ಅಧಿಕಾರಿಗಳು ಮಾತ್ರ ಬಹಳ ಸ್ಪಷ್ಟವಾಗಿ ಬಿದ್ದಿದ್ದಾರೆ. ಫೋಟೋದಲ್ಲಿರುವುದನ್ನು ಕಳೆಯಕೂಡದಾದ್ದರಿಂದ ಇನ್ನು ಅವರನ್ನು ಇಳಿಸುವಂತಿಲ್ಲವೆಂದು ಏಣಿಯನ್ನು ಬಡಗಿ ಹೊತ್ತುಕೊಂಡು ಹೋದ. ಅವರ ಮನೆಯವರು ಈಗ ಕೆಳಗೆ ನಿಂತು ಊಟದ ಡಬ್ಬಿಯನ್ನು ಬುಟ್ಟಿಗಿಡುತ್ತಿದ್ದಾರೆ. ಅಧಿಕಾರಿಗಳೂ ಮೆಟ್ಟಿಲು ಬೇಕೆಂದು ಕೇಳುತ್ತಿದ್ದಾರೆ. ಅರ್ಜಿ ಬರೆದು ಬುಟ್ಟಿಯಲ್ಲಿ ಇಳಿಸಲು ಹೇಳಿದ್ದೇನೆ. ಅವರ ಧೂಳು ಒರೆಸುವುದು ನಮ್ಮ ಹೊಣೆಯೋ ಕಚೇರಿಯದೋ ದಯವಿಟ್ಟು ತಿಳಿಸುವುದು. ತಾವು ಅಪ್ಪಣೆ ಕೊಟ್ಟ ಗಳಿಗೆಗೆ ಮೆಟ್ಟಿಲು ಬರುತ್ತದೆ. ಮೊದಲು ಅತ್ತೆ ಇಳಿಯುತ್ತಾರೆ, ದೋಣಿ ಕಾದಿದೆ.