ನಾಗಲಿಂಗಮ್ಮನ ಐದು ನಿಂಬೆಹಣ್ಣು

ವೀರಭದ್ರಯ್ಯ: ನನ್ನ ಮಾರಿ ನೋಡಿ ಹೇಳು. ಇದು ನಿಂಬಿಹಣ್ಣಾ?

ನಾಗಲಿಂಗಮ್ಮ: ನಿಮ್ಮ ಮಾರಿ ನೋಡಿದ್ರ ಬರೇ ಹುಳಿ ನೆನಪಾಗ್ತೈತಿ. ನೀವು ಚಿತ್ರ ನೋಡಿ ಹೇಳ್ರಿ.

ವೀರಭದ್ರಯ್ಯ: ನೋಡಿದೆ. ಅದಕ್ಕ ಕೇಳಾಕ ಹತ್ತೀನಿ.

ಕೊಟ್ಟೂರಿನ ಆ ಮನೆಯ ಪಡಸಾಲೆಯಲ್ಲಿ ಅರ್ಧ ಜಾಗ ನಿಂಬೆಹಣ್ಣಿನ ರಾಶಿಗೆ, ಉಳಿದರ್ಧ ವೀರಭದ್ರಯ್ಯನ ಮಾತಿಗೆ. ಇಪ್ಪತ್ತೆಂಟು ವರ್ಷದಿಂದ ನಿಂಬೆಹಣ್ಣಿನ ವ್ಯಾಪಾರ. ಒಂದನೇ ನಂಬರು, ಎರಡನೇ ನಂಬರು, ತಿಪ್ಪೆಗೆ ಎಂದು ಹಣ್ಣು ಆರಿಸಿ ಆರಿಸಿ ಆತನಿಗೆ ಲೋಕವೇ ಈ ಮೂರು ರಾಶಿಯಾಗಿ ಕಾಣುತ್ತಿತ್ತು. ಹೆಂಡತಿಯನ್ನು ಯಾವ ರಾಶಿಗೆ ಹಾಕಿದ್ದನೋ, ಆಕೆ ಕೇಳುವ ಗೋಜಿಗೆ ಹೋಗಿರಲಿಲ್ಲ.

ಐವತ್ತೆರಡನೇ ವಯಸ್ಸಿನಲ್ಲಿ ನಾಗಲಿಂಗಮ್ಮ, ಯಶೋಧಾ ಟೀಚರ್ ಹೆಂಗಸರಿಗಾಗಿ ನಡೆಸುವ ಶನಿವಾರದ ಚಿತ್ರದ ತರಗತಿಗೆ ಸೇರಿ ಮೂರು ವಾರವಾಗಿತ್ತು. ಆಕೆ ಹುಡುಗಿಯಾಗಿದ್ದಾಗ ಒಬ್ಬ ಮೇಷ್ಟ್ರು ಆಕೆಯ ಚಿತ್ರವನ್ನು ಎಲ್ಲರೆದುರು ಹರಿದು ಹಾಕಿ, ಈ ಕೈ ರೊಟ್ಟಿ ಬಡಿಯುವುದಕ್ಕೆ ಮಾತ್ರ ಎಂದಿದ್ದರು. ನಲವತ್ತು ವರ್ಷ ರೊಟ್ಟಿ ಬಡಿದರೂ ಆ ಮಾತು ಆರಿರಲಿಲ್ಲ. ಅದು ನಿಜವೋ ಸುಳ್ಳೋ, ಆಕೆಗೆ ಅದೊಂದು ಗೊತ್ತಾಗಬೇಕಿತ್ತು.

ವೀರಭದ್ರಯ್ಯ: ಐದೂ ಒಂದೇ ಸೈಜ್ ಹ್ಯಾಂಗ ಬಂದ್ವು?

ನಾಗಲಿಂಗಮ್ಮ: ಕೈಯಾಗಿನ ಬಳಿ ತಗದಿಟ್ಟು ಸುತ್ತ ಗೆರಿ ಎಳದೆ. ಹೊಸದಾಗಿ ಕಲಿಯೋರು ಹಂಗ ಮಾಡ್ಬೇಕಂತ.

ವೀರಭದ್ರಯ್ಯ: ಗಿಡದಾಗಿನ ಹಣ್ಣೆಲ್ಲ ಬಳಿ ಇಟ್ಟಂಗ ಬಂದ್ರ ನಾ ಆರಿಸಾಕ ಇಬ್ಬರು ಆಳು ಯಾಕ ಇಟ್ಕೋತಿದ್ದೆ? ತುದ್ಯಾಗ ಇದೇನು, ಮೂಗು?

ನಾಗಲಿಂಗಮ್ಮ: ಟೀಚರ್ ಕೊಟ್ಟ ಪುಸ್ತಕದಾಗಿನ ಪರದೇಶಿ ನಿಂಬಿಹಣ್ಣಿಗೆ ಎರಡೂ ಕಡಿ ಉದ್ದ ಮೂಗು ಇತ್ತು. ಅದು ಬ್ಯಾಡಂತ ನಿಮ್ಮ ರಾಶಿಯಾಗಿನ ಹಣ್ಣು ಮುಂದ ಇಟ್ಕೊಂಡು ಬರದೀನಿ. ಆ ಮೂಗು ನಿಮ್ಮ ಮಾಲಿಂದು.

ವೀರಭದ್ರಯ್ಯ: ಈ ಬಿಳಿ ಕಲಿನೂ ನನ್ನ ಮಾಲಿಂದಾ?

ನಾಗಲಿಂಗಮ್ಮ: ಕಲಿ ಅಲ್ಲ, ಬೆಳಕು. ಬೆಳಕು ಬಿದ್ದಲ್ಲಿ ಬಣ್ಣ ಹಚ್ಚಬಾರದು, ಹಾಳಿ ಹಂಗ ಬಿಡಬೇಕು.

ವೀರಭದ್ರಯ್ಯ: ಬಣ್ಣ ಸಾಲಲಿಲ್ಲ ಅನ್ನು. ಬಿಸಿಲು ಬಡದ ಹಣ್ಣಿದು. ಎರಡನೇ ನಂಬರು. ಈ ಕಪ್ಪು?

ನಾಗಲಿಂಗಮ್ಮ: ನೆಳ್ಳು.

ವೀರಭದ್ರಯ್ಯ: ಕೊಳತೈತಿ.

ನಾಗಲಿಂಗಮ್ಮ: ನೆಳ್ಳು ರೀ! ಹಳದಿ ಮ್ಯಾಲೆ ಹಸರು, ಹಸರಿನ ಮ್ಯಾಲೆ ಚೂರು ಕಂದು. ಹಂಗ ಹಚ್ಚಿದ್ರ ಹಣ್ಣು ಉಬ್ಬಿ ಕಾಣ್ತೈತಿ.

ವೀರಭದ್ರಯ್ಯ: ಕೊಳತದ್ದೂ ಉಬ್ತೈತಿ. ತಿಪ್ಪಿಗೆ.

ಆತನ ಬೆರಳು ಹಾಳೆಯ ಮೇಲೆ ಒಂದೊಂದೇ ಹಣ್ಣನ್ನು ಮುಟ್ಟಿ ಎಡಕ್ಕೆ ತಳ್ಳುತ್ತಿತ್ತು, ಎದುರಿಗೆ ನಿಜವಾದ ರಾಶಿಯೇ ಇದ್ದಂತೆ. ನಾಗಲಿಂಗಮ್ಮನಿಗೆ ನಗುವೂ ಬಂತು, ಸಿಟ್ಟೂ ಬಂತು. ಸಿಟ್ಟು ಮುಂದಾಯಿತು.

ವೀರಭದ್ರಯ್ಯ: ಹೋದ ವಾರದ ಮೋಸಂಬಿ ಹೋಳು ಇನ್ನೂ ಚಂದ. ಹತ್ತು ತೊಳಿ ಇರಬೇಕಾದಲ್ಲಿ ಆರು. ಉಳದ ನಾಕು ಬರಿಯೋದ್ರೊಳಗ ತಿಂದ್ಯೇನು?

ನಾಗಲಿಂಗಮ್ಮ: ನೀವು ತೂಕದಾಗ ತಿನ್ನೋದಕ್ಕಿಂತ ಕಡಿಮಿ ತಿಂದೀನಿ.

ವೀರಭದ್ರಯ್ಯ: ದೇವರು ನಿನಗ ಬಾಯಿ ಕೊಟ್ಟಾನ, ಕೈ ಕೊಟ್ಟಿಲ್ಲ.

ಈ ಮಾತು ನೇರ ಎದೆಗೆ ನಾಟಿತು. ಬಣ್ಣ ಮೆತ್ತಿದ ಬೆರಳುಗಳನ್ನು ಆಕೆ ಸೆರಗಿನಲ್ಲಿ ಮುಚ್ಚಿಕೊಂಡಳು. ಆ ಮೇಷ್ಟ್ರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು.

ನಾಗಲಿಂಗಮ್ಮ: ಆತು. ಹೊರಗಿನೋರು ಒಬ್ಬರಾದ್ರೂ ಇದನ್ನ ನಿಂಬಿಹಣ್ಣು ಅನ್ನಲಿಲ್ಲಂದ್ರ ನಾ ಇನ್ನ ಶನಿವಾರ ಮನಿ ಬಿಟ್ಟು ಹೋಗಂಗಿಲ್ಲ. ಬಣ್ಣದ ಡಬ್ಬಿ ಯಾರಿಗರ ಕೊಟ್ಟುಬಿಡ್ತೀನಿ.

ವೀರಭದ್ರಯ್ಯ: ಒಬ್ಬರ್ಯಾಕ? ಊರೇ ನೋಡ್ಲಿ, ಊರೇ ನಗ್ಲಿ!

ಹಾಗೆಂದವನೇ ಫೋನು ತೆಗೆದು ಚಿತ್ರದ ಫೋಟೋ ಹಿಡಿದು ತನ್ನ ಸ್ಟೇಟಸ್ಸಿಗೆ ಹಾಕಿಯೇ ಬಿಟ್ಟ. ಆ ಸ್ಟೇಟಸ್ಸಿಗೆ ದಿನಾ ಬೆಳಿಗ್ಗೆ ಆತ ಅಂದಿನ ಮಾಲಿನ ಫೋಟೋ ಹಾಕುವುದು, ಕೂಡ್ಲಿಗಿಯಿಂದ ಹಡಗಲಿಯ ತನಕ ಕೊಳ್ಳುವವರು ಅದನ್ನು ನೋಡಿ ಇಷ್ಟು ಚೀಲ ಬೇಕೆಂದು ಹೇಳುವುದು ರೂಢಿ. ಫೋಟೋದ ಕೆಳಗೆ ಆತ ಎಂದೂ ಒಂದಕ್ಷರ ಬರೆದವನಲ್ಲ. ಅವತ್ತೂ ಬರೆಯಲಿಲ್ಲ.

ಚಹಾ ಆರುವುದರೊಳಗೆ ಹರಪನಹಳ್ಳಿಯ ಗಿರಾಕಿ ಭೀಮರಾಜನ ಫೋನು ಬಂತು. ನಗುವವರು ಶುರುವಾದರು ಎಂದು ವೀರಭದ್ರಯ್ಯ, ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿದ.

ಭೀಮರಾಜ: ಏನ್ ಯಜಮಾನ್ರೆ, ನಾಚಿಕೆ ಆಗಲ್ವ?

ವೀರಭದ್ರಯ್ಯ: ನನಗ್ಯಾಕ್ರಿ ನಾಚಿಕಿ? ಮಾಡಿದಾಕಿ ಇಲ್ಲೇ ಕುಂತಾಳ, ಆಕಿನ್ನ ಕೇಳ್ರಿ.

ಭೀಮರಾಜ: ಯಾರ್ ಮಾಡಿದ್ರೇನು, ವ್ಯಾಪಾರ ನಿಮ್ದಲ್ವ? ಇಂಥ ಕೊಳೆತ ನಿಂಬೆಹಣ್ಣು ಸ್ಟೇಟಸ್ಸಿಗೆ ಹಾಕೋಕೆ ಧೈರ್ಯ ಬೇಕು ಕಣ್ರಿ. ನಾಳೆ ನನ್ನ ಹತ್ತು ಚೀಲ ಕಳಿಸ್ಬೇಡಿ.

ನಾಗಲಿಂಗಮ್ಮನಿಗೆ ಕೊಳೆತದ್ದೂ ಕೇಳಲಿಲ್ಲ, ಚೀಲವೂ ಕೇಳಲಿಲ್ಲ. ನಿಂಬೆಹಣ್ಣು ಎಂದದ್ದೊಂದು ಕೇಳಿತು. ಆಕೆಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತೇ ಬಿಟ್ಟಳು.

ವೀರಭದ್ರಯ್ಯ: ಅದು ನಿಂಬಿಹಣ್ಣಲ್ರಿ!

ಭೀಮರಾಜ: ಮತ್ತೇನು, ಬದನೆಕಾಯಾ? ನಿಂಬೆಹಣ್ಣು ಕೊಳ್ಳೋದ್ರಲ್ಲೇ ತಲೆ ನೆರೆತೈತೆ ನಂಗೆ.

ವೀರಭದ್ರಯ್ಯ: ಚಿತ್ರ ರೀ ಅದು! ನಮ್ಮ ಮನಿಯಾಕಿ ಬರದಾಳ!

ಭೀಮರಾಜ: ಮಾಲು ಕೊಳೆತ್ರೆ ಹೆಂಡ್ತಿ ಮೇಲೆ ಹಾಕ್ತೀರಾ? ವಿಡಿಯೋ ಕಾಲ್ ಮಾಡಿ, ನೋಡೋಣ.

ವೀರಭದ್ರಯ್ಯ ವಿಡಿಯೋ ಹಚ್ಚಿ ಹಾಳೆ ತೋರಿಸಿದ.

ಭೀಮರಾಜ: ಬಿಳಿ ಹಾಳೆ ಮೇಲೆ ಹಣ್ಣು ಇಟ್ಟಿದೀರಿ. ಯಾರಿಗೆ ಹೇಳ್ತೀರಿ?

ವೀರಭದ್ರಯ್ಯ ಹಾಳೆಯನ್ನು ಎತ್ತಿ, ತಲೆಕೆಳಗೆ ಮಾಡಿ, ಅಕ್ಕಿ ಮೊರ ಕೊಡವಿದಂತೆ ಕೊಡವಿದ.

ವೀರಭದ್ರಯ್ಯ: ಬಿದ್ವಾ? ಹೇಳ್ರಿ, ಒಂದರ ಬಿತ್ತಾ? ಇದು ಬೆಳಕ್ರಿ, ಬೆಳಕು ಬಿದ್ದಲ್ಲಿ ಬಣ್ಣ ಹಚ್ಚಬಾರದು. ಇದು ಕೊಳತದ್ದಲ್ಲ, ನೆಳ್ಳು. ಹಳದಿ ಮ್ಯಾಲೆ ಹಸರು, ಹಸರಿನ ಮ್ಯಾಲೆ ಕಂದು, ಅದಕ್ಕ ಹಿಂಗ ಉಬ್ಬಿ ಕಾಣ್ತೈತಿ. ಇದಕ್ಕ ಭಾಳ ಕೈ ಬೇಕ್ರಿ!

ನಾಗಲಿಂಗಮ್ಮ: ಇನ್ನೊಮ್ಮೆ ಹೇಳ್ರಿ, ನನಗ ಕೇಳಲಿಲ್ಲ.

ವೀರಭದ್ರಯ್ಯ: ನೀ ಸುಮ್ನಿರು!

ಆ ಕಡೆ ಭೀಮರಾಜ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದ.

ಭೀಮರಾಜ: ಚಿತ್ರನೇ ಸರಿ, ಒಪ್ಪಿದೆ. ಆದ್ರೆ ಯಜಮಾನ್ರೆ, ಈಗೊಂದು ಡೌಟು ಬಂತು. ಇಷ್ಟು ವರ್ಷ ನಿಮ್ಮ ಸ್ಟೇಟಸ್ಸಲ್ಲಿ ಹೊಳೀತಿದ್ದ ಹಣ್ಣು ನಾನು ಚೀಲ ಬಿಚ್ಚಿದ್ರೆ ಒಂದಿನಾನೂ ಸಿಕ್ಕಿಲ್ಲ. ಅವನ್ನೂ ಅಮ್ಮಾರೇ ಬರೆದಿದ್ರಾ?

ವೀರಭದ್ರಯ್ಯ ಕಾಲ್ ಕಟ್ ಮಾಡಲು ಬೆರಳು ಚಾಚಿದ. ನಾಗಲಿಂಗಮ್ಮ ಆತನ ಕೈಯಿಂದ ಫೋನು ತೆಗೆದುಕೊಂಡಳು.

ನಾಗಲಿಂಗಮ್ಮ: ಇಲ್ರಿ ಅಣ್ಣಾರ. ನಾ ಕಲಿಯಾಕ ಹತ್ತಿ ಮೂರು ವಾರ ಆತು, ನಾ ಬರದ್ರ ಕಪ್ಪು ಇದ್ದದ್ದು ಕಪ್ಪಗ ಕಾಣ್ತೈತಿ. ಅದನ್ನ ಕಾಣದಂಗ ಮಾಡಾಕ ಇವರಂಗ ಇಪ್ಪತ್ತೆಂಟು ವರ್ಷ ಪಳಗಿದ ಕೈ ಬೇಕ್ರಿ.